ಕಾರ್ಟೂನ್ ಎತ್ತಿನ ಹಲ್ಲು ನೋಡಿದ ದೊಡ್ಡಪ್ಪ

ನಮ್ಮ ದೊಡ್ಡಪ್ಪನಿಗೆ ಐವತ್ತೆಂಟನೇ ವಯಸ್ಸಿನಲ್ಲಿ ಕಾರ್ಟೂನ್ ಹುಚ್ಚು ಹಿಡಿಯಿತು ಎಂದರೆ ನೀವು ನಂಬುವುದಿಲ್ಲ. ಬೇಡ ಬಿಡಿ, ಮೊದಮೊದಲು ನಮ್ಮ ಮನೆಯವರೇ ನಂಬಿರಲಿಲ್ಲ! ಆ ವಯಸ್ಸಿನಲ್ಲಿ ಉಳಿದವರಿಗೆ ಸಕ್ಕರೆ ಕಾಯಿಲೆ ಬರುತ್ತದೆ, ಮಂಡಿನೋವು ಬರುತ್ತದೆ, ತೀರಾ ಗ್ರಹಚಾರ ಕೆಟ್ಟರೆ ಪಂಚಾಯಿತಿ ಎಲೆಕ್ಷನ್ನಿಗೆ ನಿಲ್ಲುವ ಆಸೆ ಬರುತ್ತದೆ. ಇವರಿಗೆ ಬಂದದ್ದು ಬೊಂಬೆಗಳು ಓಡುವ, ಬೀಳುವ, ಚಪ್ಪಟೆಯಾಗಿ ಮತ್ತೆ ಎದ್ದು ಓಡುವ ಇಂಗ್ಲಿಷ್ ಕಾರ್ಟೂನಿನ ಹುಚ್ಚು. ಇಂಗ್ಲಿಷಿನಲ್ಲಿ ಅವರಿಗೆ ಗೊತ್ತಿದ್ದದ್ದು ಎರಡೇ ಮಾತು. ಒಂದು 'ರೈಟ್', ಇನ್ನೊಂದು 'ಹೋಲ್ಡಾನ್'. ಎರಡನ್ನೂ ಬಸ್ ಕಂಡಕ್ಟರಿಂದ ಕಲಿತಿದ್ದರು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಗಿಸಬೇಕು ಅಂತಲೇ ಇದನ್ನು ಬರೆಯಲು ಕೂತಿದ್ದೇನೆ, ಆದರೆ ಈ ಕಥೆಯಲ್ಲಿ ನಾನು ಒಳ್ಳೆಯವಳಲ್ಲ. ದೊಡ್ಡಪ್ಪನ ಹತ್ತಿರ ನಾನು 'ತಪ್ಪಾಯಿತು' ಅನ್ನಬೇಕಿತ್ತು. ಎಷ್ಟೋ ವರ್ಷ ಸಮಯವಿತ್ತು, ಅನ್ನಲಿಲ್ಲ. ಅದಕ್ಕೇ ನೀವು ನಗುವಾಗ ಅವರನ್ನು ನೋಡಿ ನಗಿ, ನನ್ನ ಪರ ಮಾತ್ರ ವಹಿಸಬೇಡಿ.

ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ, ಟಿ. ನರಸೀಪುರದ ಪಕ್ಕದ ಸೋಸಲೆಯವರು. ಒಂದಿಷ್ಟು ಗದ್ದೆ, ಇಬ್ಬರು ಗಂಡುಮಕ್ಕಳು, ಒಬ್ಬ ಬಾಯಿ ಜೋರಿನ ದೊಡ್ಡಮ್ಮ. ಕಸುಬು ಮಾತ್ರ ದನದ ದಲ್ಲಾಳಿ. ಸಂತೆಯಲ್ಲಿ ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು ವ್ಯಾಪಾರ ಕುದುರಿಸುವ ಕೆಲಸ. ಎತ್ತಿನ ತುಟಿ ಎತ್ತಿ ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದರು, ಮೈಮೇಲಿನ ಸುಳಿ ನೋಡಿ ಕೊಂಡವನ ಭವಿಷ್ಯ ಹೇಳುತ್ತಿದ್ದರು. ಬೆಲೆಯನ್ನು ಮಾತ್ರ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ದನದ ವ್ಯಾಪಾರದಲ್ಲಿ ಬೆಲೆ ಆಡುವುದು ಟವಲಿನ ಕೆಳಗೆ. ಇಬ್ಬರ ಕೈ ಮೇಲೆ ಒಂದು ಟವಲು ಹೊದಿಸಿ, ಒಳಗೆ ಬೆರಳು ಹಿಡಿದು, ಬೆರಳಿನ ಲೆಕ್ಕದಲ್ಲೇ ಕೇಳಬೇಕು, ಬೆರಳಿನ ಲೆಕ್ಕದಲ್ಲೇ ಹೇಳಬೇಕು. ಮೇಲೆ ಇಬ್ಬರ ಮುಖವೂ ಮದುವೆ ಮನೆಯಲ್ಲಿ ಕೂತ ಹಾಗೆ ಸುಮ್ಮನಿರಬೇಕು. ಯಾವನಾದರೂ ನಾಲ್ಕು ಜನರೆದುರು ಬೆಲೆಯನ್ನು ಗಟ್ಟಿಯಾಗಿ ಕೂಗಿಬಿಟ್ಟನೋ, ಮುಗಿಯಿತು, ಮಾನ ಹೋದ ಹಾಗೆ. ದೊಡ್ಡಪ್ಪ ಹಗ್ಗ ಹಿಡಿದು ದನ ಹೊಡೆದುಕೊಂಡು ಹೊರಟುಬಿಡುತ್ತಿದ್ದರು, ಮತ್ತೆ ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಇಂಥವರು ಕಾರ್ಟೂನಿಗೆ ಬಿದ್ದದ್ದು ಹೇಗೆ? ತೊಂಬತ್ತರ ದಶಕದ ನಡುವಿನಲ್ಲಿ ನಾವು ಟಿ. ನರಸೀಪುರದಲ್ಲಿದ್ದೆವು. ಅಪ್ಪನದು ಸರ್ಕಾರಿ ಕೆಲಸ, ಅಮ್ಮ ಹೊಲಿಗೆ ಮಿಷನ್ನಿನ ಮುಂದೆ ಕೂತರೆ ಏಳುವವಳಲ್ಲ, ನಾನು ಒಬ್ಬಳೇ ಮಗಳು. ಬೀದಿಯಲ್ಲಿ ನನ್ನ ವಾರಿಗೆಯ ಮಕ್ಕಳೂ ಇರಲಿಲ್ಲ. ಆಗತಾನೇ ಮನೆಗೆ ಕೇಬಲ್ ಬಂದಿತ್ತು. ಒಂದು ಸಂಜೆ ಊರಿನ ಬಸ್ಸಿಗೆ ಇನ್ನೂ ಹೊತ್ತಿದೆ ಅಂತ ದೊಡ್ಡಪ್ಪ ಮನೆಗೆ ಬಂದರು. ನಾನು ಒಬ್ಬಳೇ ಟೀವಿ ಮುಂದೆ ಕೂತು ಬಿದ್ದು ಬಿದ್ದು ನಗುತ್ತಿದ್ದೆ.

"ಅದೇನವ್ವ ಅದು, ಅಂಗ್ ನಗ್ತೀಯೆ?" ಅಂತ ಪಕ್ಕದಲ್ಲಿ ಕೂತರು.

ಟೀವಿಯಲ್ಲಿ ನೀಲಿ ಟೋಪಿ ಹಾಕಿದ ಒಂದು ಕೆಂಪು ಎತ್ತು ಹೆಗಲಿಗೆ ಚೀಲ ನೇತುಹಾಕಿಕೊಂಡು ಮನೆಮನೆಗೆ ಕಾಗದ ಹಂಚುತ್ತಿತ್ತು. ಒಂದು ಬಾತುಕೋಳಿ ದಾರಿಯಲ್ಲಿ ಬಾಳೆಹಣ್ಣಿನ ಸಿಪ್ಪೆ ಎಸೆದು, ಗುಂಡಿ ತೋಡಿ, ಅದನ್ನು ಬೀಳಿಸುತ್ತಿತ್ತು. ಇಷ್ಟೇ ಕಥೆ. ವರ್ಷಾನುಗಟ್ಟಲೆ ಇಷ್ಟೇ! ಆ ಎತ್ತಿಗೆ ಬಾಯಲ್ಲಿ ತಿರುಗದ ಒಂದು ಇಂಗ್ಲಿಷ್ ಹೆಸರಿತ್ತು. ದೊಡ್ಡಪ್ಪ ಐದು ನಿಮಿಷ ನೋಡಿ ಅದಕ್ಕೆ ಕೆಂಚ ಅಂತ ಹೆಸರಿಟ್ಟರು. ಹತ್ತನೇ ನಿಮಿಷಕ್ಕೆ ಎದ್ದು ಟೀವಿಯ ಹತ್ತಿರ ಹೋಗಿ, ಎತ್ತು ನಗುವಾಗ ಬಗ್ಗಿ ಬಾಯೊಳಗೆ ಇಣುಕಿದರು.

"ಥೂ ಇವ್ನ! ಇದನ್ನ ಬರ್ದೋನು ಜನ್ಮದಲ್ಲಿ ದನ ಕಂಡಿಲ್ಲ ಕಣವ್ವ. ದನಕ್ಕೆ ಮೇಲ್ಗಡೆ ಮುಂದ್ಲಲ್ಲು ಎಲ್ಲದೆ? ಇದ್ಕೆ ನೋಡು, ಮೇಲೊಂದು ಸಾಲು, ಕೆಳಗೊಂದು ಸಾಲು!"

ಹೌದಲ್ಲವೇ! ದನಕ್ಕೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲೇ ಇರುವುದಿಲ್ಲ. ನನಗೆ ಅವತ್ತೇ ಗೊತ್ತಾದದ್ದು. ದೊಡ್ಡಪ್ಪ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು ಯೋಚಿಸಿದರು. ಆಮೇಲೆ ಕೆಂಚನ ಮೇಲಿನ ಮರುಕದಿಂದ ತೀರ್ಪು ಕೊಟ್ಟರು: "ಇರ್ಲಿ ಬುಡು. ಕಟ್ಟುಸ್ಕೊಂಡಿರ್ಬೇಕು. ಸರ್ಕಾರಿ ನೌಕ್ರಿ ಅಲ್ವಾ?"

ಅವತ್ತಿನಿಂದ ಶುರು. ವಾರಕ್ಕೆ ಮೂರು ದಿನ ಸಂಜೆ ಐದಕ್ಕೆ ಸರಿಯಾಗಿ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದು. "ಮಗಾ, ನಮ್ ಕೆಂಚ ಬಂದ್ನಾ?" ನಾವಿಬ್ಬರೂ ಚಾಪೆಯ ಮೇಲೆ ಕೂರುತ್ತಿದ್ದೆವು. ಕಾರ್ಟೂನ್ ಶುರುವಾಗುವ ಮೊದಲು ಅವರು ಹೆಗಲ ಮೇಲಿನ ಟವಲು ತೆಗೆದು ನನ್ನ ಕೈ ಮೇಲೆ ಹೊದಿಸುತ್ತಿದ್ದರು. ಇವತ್ತು ಕೆಂಚ ಎಷ್ಟು ಸಲ ಬೀಳುತ್ತಾನೆ ಅಂತ ನಮ್ಮ ಪಂದ್ಯ. ಅವರು ಟವಲೊಳಗೆ ನನ್ನ ನಾಲ್ಕು ಬೆರಳು ಹಿಡಿಯುವರು. ನಾನು ಅವರ ಒರಟು ಕೈಯ ಐದೂ ಬೆರಳನ್ನು ಹಿಡಿದು, ಬಿಟ್ಟು, ಮತ್ತೆ ಎರಡು ಹಿಡಿಯುವೆನು. ಏಳು! ಮೇಲೆ ಇಬ್ಬರೂ ಗಂಭೀರವಾಗಿ ಟೀವಿ ನೋಡುತ್ತಿರಬೇಕು. ನಾನು ನಕ್ಕುಬಿಟ್ಟರೆ, "ನಗ್ಬಾರ್ದು ಕಣವ್ವ, ವ್ಯಾಪಾರ ಕೆಡ್ತದೆ" ಅನ್ನುತ್ತಿದ್ದರು. ಸೋತವರು ಕಡಲೆಕಾಯಿ ಬಿಡಿಸಿ ಗೆದ್ದವರಿಗೆ ಕೊಡಬೇಕು. ಹತ್ತರಲ್ಲಿ ಒಂಬತ್ತು ಸಲ ಅವರೇ ಸೋಲುತ್ತಿದ್ದರು. ಮೂವತ್ತು ವರ್ಷ ಸಂತೆಯಲ್ಲಿ ಪಳಗಿದ ದಲ್ಲಾಳಿ ಮೂರನೇ ಕ್ಲಾಸಿನ ಹುಡುಗಿಯ ಮುಂದೆ ಇಷ್ಟು ಸಲ ಸೋಲುವುದು ಸಾಧ್ಯವೇ ಅಂತ ನನಗೆ ಒಂದು ದಿನವೂ ಅನುಮಾನ ಬರಲಿಲ್ಲ ನೋಡಿ!

ಕಾರ್ಟೂನ್ ಮುಗಿದ ಮೇಲೆ ಬಸ್ಸಿನ ಹೊತ್ತಿನವರೆಗೆ ಟೀವಿಯಲ್ಲಿ ಏನು ಬಂದರೂ ಅದರ ಮೇಲೆ ದೊಡ್ಡಪ್ಪನ ಅಭಿಪ್ರಾಯವೊಂದು ಇದ್ದೇ ಇರುತ್ತಿತ್ತು. ಯಾರೂ ಕೇಳುತ್ತಿರಲಿಲ್ಲ, ಅವರು ಬಿಡುತ್ತಿರಲಿಲ್ಲ. ಸಿನಿಮಾ ಫೈಟಿಂಗ್ ಬಂದರೆ, "ಅಲ್ಲ ಕಣವ್ವ, ಅತ್ತು ಜನ ಅವ್ರೆ, ಒಬ್ಬೊಬ್ರೇ ಸರ್ದಿ ಮೇಲೆ ಬಂದು ಒದೆ ತಿಂತಾರಲ್ಲ, ಇದೇನು ರೇಷನ್ ಕ್ಯೂನಾ? ಸಂತೇಲಿ ಜಗಳ ಬಿದ್ರೆ ಎಲ್ರೂ ಒಟ್ಗೆ ಬೀಳ್ತಾರೆ!" ಹಾಲಿನ ಪುಡಿಯ ಜಾಹೀರಾತಿನಲ್ಲಿ ರೇಷ್ಮೆ ಸೀರೆಯ ಹೆಂಗಸು ನಗುನಗುತ್ತಾ ಹಸು ಕರೆಯುತ್ತಿದ್ದರೆ ಇವರಿಗೆ ಹೊಟ್ಟೆ ಉರಿ. "ಕರಾ ಬುಡ್ದೆ ಕರೀತಾವ್ಳಲ್ಲ! ಒದೀತದೆ ನೋಡ್ತಿರು, ಈಗ ಒದೀತದೆ." ಹಸು ಒದೆಯಲಿಲ್ಲ. ಒಂದು ವರ್ಷ ಕಾದರು, ದಿನಾ ಅದೇ ಜಾಹೀರಾತು ಬಂತು, ಒಂದು ದಿನವೂ ಒದೆಯಲಿಲ್ಲ! "ಪಾಪ, ಬಾರೀ ಸಾದು ಅಸ" ಅಂತ ಕೊನೆಗೆ ಸೋಲೊಪ್ಪಿಕೊಂಡರು.

ಭಾನುವಾರ ಬೆಳಿಗ್ಗೆ ಬರುತ್ತಿದ್ದ ಪೌರಾಣಿಕ ಧಾರಾವಾಹಿಯ ವಿಷಯವಂತೂ ಕೇಳಲೇಬೇಡಿ. ನಮ್ಮಮ್ಮ ಸ್ನಾನ ಮಾಡಿ, ಊದುಬತ್ತಿ ಹಚ್ಚಿ, ಕೈಮುಗಿದು ನೋಡುತ್ತಿದ್ದ ಧಾರಾವಾಹಿ ಅದು. ಯುದ್ಧ ಜೋರಾಗಿ ನಡೆಯುತ್ತಿದೆ. ಈ ಕಡೆ ದೇವತೆಗಳ ರಥ, ಆ ಕಡೆ ರಾಕ್ಷಸರ ರಥ. ಅವತ್ತು ಬೆಳಿಗ್ಗೆಯೇ ಬಂದಿದ್ದ ದೊಡ್ಡಪ್ಪ ಕಾಫಿ ಲೋಟ ಕೆಳಗಿಟ್ಟು ಕೂಗಿದರು.

"ಏ ತಡೀರಿ! ಆ ಬಿಳೀ ಕುದ್ರೆ ನೋಡ್ರಿ, ಎಡಗಿವಿ ತಾವ ಮಚ್ಚೆ ಅದೆ. ಈಗ್ ತಾನೇ ದೇವ್ರ ರಥದಲ್ಲಿತ್ತು. ರಾಕ್ಷಸನ ತಾವ್ಕೆ ಯಾವಾಗ ಓಯ್ತು?"

ನೋಡಿದರೆ ಅದೇ ಕುದುರೆ! ಎರಡೂ ಪಕ್ಷಕ್ಕೂ ಒಂದೇ ಜೋಡಿ ಕಟ್ಟಿ ಖರ್ಚು ಉಳಿಸಿದ್ದರು. ಅಮ್ಮನ ಭಕ್ತಿ ಅಲ್ಲಿಗೆ ಅರ್ಧ ಇಳಿಯಿತು. "ಭಾವ, ನಿಮ್ಮ ಕಾಲಿಗೆ ಬೀಳ್ತೀನಿ, ಸುಮ್ನೆ ನೋಡೋಕೆ ಬಿಡಿ" ಅಂದಳು. ದೊಡ್ಡಪ್ಪ ಅವಳನ್ನು ಸಮಾಧಾನ ಮಾಡಿದರು: "ಬೇಜಾರ್ ಮಾಡ್ಕೋಬ್ಯಾಡ ಕಣವ್ವ. ನಮ್ ತಾಲ್ಲೂಕಲ್ಲಿ ಜನವೇ ಬೆಳಿಗ್ಗೆ ಒಂದ್ ಪಕ್ಷ, ಸಂಜೆ ಒಂದ್ ಪಕ್ಷ. ಕುದ್ರೆ ಪಾಪ ಏನ್ ಮಾಡೀತು?"

ಎಲ್ಲಕ್ಕಿಂತ ದೊಡ್ಡ ಪ್ರಸಂಗ ರಜೆಯದು. ಕೆಂಚ ಬೀಳುವುದನ್ನು ನೋಡಿ ನೋಡಿ ದೊಡ್ಡಪ್ಪನಿಗೆ ಒಂದು ದಿನ ಮನಸ್ಸು ತಡೆಯಲಿಲ್ಲ. "ಮಗಾ, ಒಂದ್ ಕಾಗ್ದ ಬರಿ" ಅಂದರು. ನಾನು ಇನ್‌ಲ್ಯಾಂಡ್ ಲೆಟರ್ ಹಿಡಿದು ಕೂತೆ. ಅವರು ಹೇಳಿದ್ದನ್ನೆಲ್ಲ ಬರೆದೆ: ತಮ್ಮ ಎತ್ತು ದಿನಾ ಬೀಳುತ್ತಿದೆ, ಕಾಲುಳುಕಿರಬಹುದು, ಬಿಸಿ ಎಣ್ಣೆ ತಿಕ್ಕಿ ಒಂದು ವಾರ ನೆರಳಿನಲ್ಲಿ ಕಟ್ಟಿ ಹುರುಳಿ ಕೊಡಬೇಕು, ಆಮೇಲೆ ಬೇಕಾದರೆ ಕಾಗದ ಹಂಚಲಿ. ವಿಳಾಸ: ಕಾರ್ಟೂನ್ ಆಫೀಸು, ಬೊಂಬಾಯಿ. ದೊಡ್ಡಪ್ಪ ತಾವೇ ಹೋಗಿ ಡಬ್ಬಕ್ಕೆ ಹಾಕಿ ಬಂದರು. ಅದರ ಮುಂದಿನ ವಾರವೇ ಏನಾಯಿತು ಗೊತ್ತೇ? ಕಾರ್ಟೂನ್ ಹೊತ್ತಿಗೆ ಕ್ರಿಕೆಟ್ ಮ್ಯಾಚುಗಳು ಬಂದು ವಾರವಿಡೀ ಕೆಂಚನ ಸುಳಿವೇ ಇಲ್ಲ! ದೊಡ್ಡಪ್ಪನ ಮುಖ ನೋಡಬೇಕಿತ್ತು. ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು: "ನೋಡ್ದಾ? ರಜಾ ಕೊಟ್ಟವ್ರೆ. ನಮ್ ಎಣ್ಣುಮಗ ಬರ್ದಿರೋ ಕಾಗ್ದ ಅದು!"

ನಾನು ಒಂಬತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ಅಪ್ಪನಿಗೆ ನಂಜನಗೂಡಿಗೆ ವರ್ಗವಾಯಿತು. ಸರಿ, ದೊಡ್ಡಪ್ಪನ ಕಾರ್ಟೂನು ಇಲ್ಲಿಗೆ ಮುಗಿಯಿತು ಅಂದುಕೊಂಡೆವು. ಎಲ್ಲಿ ಮುಗಿಯುತ್ತದೆ! ಭಾನುವಾರ ಭಾನುವಾರ ಸೋಸಲೆಯಿಂದ ನರಸೀಪುರಕ್ಕೆ ಒಂದು ಬಸ್ಸು, ಅಲ್ಲಿಂದ ನಂಜನಗೂಡಿಗೆ ಇನ್ನೊಂದು ಬಸ್ಸು. ಕೈಯಲ್ಲಿ ಅವರೆಕಾಯಿಯದೋ ಕಡಲೆಕಾಯಿಯದೋ ಚೀಲ. ಊರಿಗೆ ಇನ್ನೂ ಕೇಬಲ್ ಬಂದಿಲ್ಲ, ಪಾಪ, ಅದಕ್ಕೇ ಇಷ್ಟು ದೂರ ಬರುತ್ತಾರೆ ಅಂತ ನಾವೆಲ್ಲ ಮಾತಾಡಿಕೊಳ್ಳುತ್ತಿದ್ದೆವು. ಹೊಸ ಊರಿನಲ್ಲಿ ನನಗೂ ಗೆಳತಿಯರಿರಲಿಲ್ಲ. ಎರಡು ವರ್ಷ ಭಾನುವಾರವೆಂದರೆ ದೊಡ್ಡಪ್ಪ, ಚಾಪೆ, ಟವಲು, ಕೆಂಚ.

ಆಮೇಲೆ ನಾನು ಪಿಯುಸಿ ಸೇರಿದೆ. ಪಿಯುಸಿ ಸೇರಿದ ಹುಡುಗಿಗೆ ತಲೆಯ ಮೇಲೆ ಎರಡು ಕೊಂಬು ಬರುತ್ತದೆ, ಅದು ಅವಳಿಗೆ ಬಿಟ್ಟು ಎಲ್ಲರಿಗೂ ಕಾಣುತ್ತದೆ. ನನಗೆ ಇಬ್ಬರು ಗೆಳತಿಯರಾದರು. ಒಬ್ಬಳು ಪೇಟೆಯವಳು, ಇನ್ನೊಬ್ಬಳು ಬಿಳಿಗೆರೆಯವಳು. ಮೊದಲ ಸಲ ಇಬ್ಬರನ್ನೂ ಭಾನುವಾರ ಮನೆಗೆ ಕರೆದಿದ್ದೆ. ಮೂವರೂ ಟೀವಿ ಮುಂದೆ ಕೂತು ಸಿನಿಮಾ ಹಾಡು ನೋಡುತ್ತಾ, ಯಾವ ಹೀರೋ ಚೆನ್ನಾಗಿದ್ದಾನೆ ಅಂತ ಪಿಸುಗುಡುತ್ತಿದ್ದೆವು. ಆಗ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದು.

"ಮಗಾ, ಒತ್ತಾಯ್ತು. ಕೆಂಚನ್ ಹಾಕು."

"ಕೆಂಚ ಯಾರೇ?" ಅಂದಳು ಪೇಟೆಯವಳು. ನಾನು ಉತ್ತರ ಹೇಳದೆ ಚಾನೆಲ್ ಬದಲಿಸಿದೆ. ಕೆಂಪು ಎತ್ತು ಕಾಣಿಸಿದ್ದೇ ತಡ ಇಬ್ಬರೂ ದುಪಟ್ಟಾ ಬಾಯಿಗಿಟ್ಟುಕೊಂಡು ಕಿಸಕ್ಕನೆ ನಕ್ಕರು. ದೊಡ್ಡಪ್ಪ ನನ್ನ ಪಕ್ಕ ಚಾಪೆಯ ಮೇಲೆ ಕೂತು, ಎಂದಿನ ಹಾಗೆ ಟವಲು ತೆಗೆದು ನನ್ನ ಕೈ ಮೇಲೆ ಹೊದಿಸಿದರು. ಒಳಗೆ ನನ್ನ ಮೂರು ಬೆರಳು ಹಿಡಿದರು.

ನಾನು ಕೈ ಕಿತ್ತುಕೊಂಡೆ. ಟವಲು ಕೆಳಗೆ ಬಿತ್ತು.

"ದೊಡ್ಡಪ್ಪ, ಇದು ಎಳೇ ಮಕ್ಕಳು ನೋಡೋದು. ನಾನಿನ್ನೂ ಚಿಕ್ಕವಳಾ? ಇದಕ್ಕೋಸ್ಕರ ವಾರ ವಾರ ಬರಬೇಡಿ, ನಂಗೆ ನಾಚಿಕೆಯಾಗುತ್ತೆ" ಅಂದೆ. ಮೆಲ್ಲಗೆ ಅಲ್ಲ, ಗೆಳತಿಯರಿಗೆ ಕೇಳಲಿ ಅಂತಲೇ ಗಟ್ಟಿಯಾಗಿ ಅಂದೆ.

ದೊಡ್ಡಪ್ಪ ಟವಲು ಎತ್ತಿಕೊಂಡು, ಒಂದು ಸಲ ಕೊಡವಿ, ಮಡಿಸಿ ಹೆಗಲ ಮೇಲೆ ಹಾಕಿಕೊಂಡರು. "ಆಗ್ಲಿ ಕಣವ್ವ" ಅಂದರು. ಮುಖದಲ್ಲಿ ಏನೂ ಇರಲಿಲ್ಲ. ಗೆಳತಿಯರ ಕಡೆ ತಿರುಗಿ, "ನಿಮ್ಗೆ ಯಾವೂರವ್ವ?" ಅಂತ ಕೇಳಿದರು. ಬಿಳಿಗೆರೆ ಅಂದದ್ದಕ್ಕೆ, "ಓ, ಬಿಳಿಗೆರೇಲಿ ಒಳ್ಳೊಳ್ಳೆ ಜೋಡೆತ್ತು ಕಟ್ಟೋರು ಅವ್ರೆ" ಅಂದರು. ಅಮ್ಮ ಕೊಟ್ಟ ಕಾಫಿ ಕುಡಿದು, ಅವರೆಕಾಯಿ ಚೀಲ ಅಡುಗೆಮನೆ ಬಾಗಿಲಲ್ಲಿಟ್ಟು ಹೊರಟರು. ಕೆಂಚ ಇನ್ನೂ ಎರಡು ಸಲವೂ ಬಿದ್ದಿರಲಿಲ್ಲ.

ಅಮ್ಮ ಅವತ್ತು ನನಗೆ ಬೈದ ಬೈಗುಳವನ್ನು ಇಲ್ಲಿ ಬರೆಯಲಾರೆ. "ಎಲುಬಿಲ್ಲದ ನಾಲಿಗೆ ಅಂತ ಏನು ಬೇಕಾದ್ರೂ ಆಡೋದಾ?" ಅನ್ನುವುದು ಅದರಲ್ಲಿ ಬಹಳ ಮರ್ಯಾದೆಯ ಮಾತು. ನಾನು, "ಮುಂದಿನ ವಾರ ಬಂದೇ ಬರ್ತಾರೆ ಬಿಡಮ್ಮ, ಆ ಹುಚ್ಚು ಬಿಡುತ್ತಾ ಅವರನ್ನ?" ಅಂದೆ. ನಾಲ್ಕು ಜನರೆದುರು ಗಟ್ಟಿಯಾಗಿ ಕೂಗಿದವನ ಕಡೆ ಆ ಮನುಷ್ಯ ತಿರುಗಿ ನೋಡುವುದಿಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೂ ಹಾಗಂದೆ. ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ.

ಸಿಟ್ಟು ಮಾಡಿಕೊಂಡಿದ್ದರೆ ಎಷ್ಟೋ ಸುಲಭವಿತ್ತು. ಆ ಪುಣ್ಯಾತ್ಮ ಅದನ್ನೂ ಮಾಡಲಿಲ್ಲ. ಹಬ್ಬದಲ್ಲಿ, ಮದುವೆಯಲ್ಲಿ ಸಿಕ್ಕಾಗ ಮೊದಲಿನ ಹಾಗೇ ತಲೆ ಸವರಿ, "ಚೆನ್ನಾಗ್ ಓದ್ತಾ ಇದ್ದೀಯಾ ಮಗಾ?" ಅನ್ನುತ್ತಿದ್ದರು. ಕೆಂಚನ ಮಾತು ಮಾತ್ರ ಎತ್ತುತ್ತಿರಲಿಲ್ಲ. ಅವರ ದೊಡ್ಡ ಮಗನ ಮದುವೆಯಲ್ಲಿ ನಾನು ಧೈರ್ಯ ಮಾಡಿ, "ದೊಡ್ಡಪ್ಪ, ಅವತ್ತು ನಾನು..." ಅಂತ ಶುರು ಮಾಡಿದೆ. "ಊಟ ಆಯ್ತಾ ಮೊದ್ಲು? ಪಾಯ್ಸ ಚೆನ್ನಾಗದೆ, ಬಿಸಿ ಇದ್ದಂಗೇ ಕುಂತ್ಕೊ ಓಗು" ಅಂತ ಪಂಕ್ತಿಗೆ ತಳ್ಳಿದರು. ನಾನು ಹೋಗಿ ಪಾಯಸ ತಿಂದೆ. ತಿನ್ನಲು ಆಗಬೇಕಲ್ಲ? ಆಯಿತು. ಎರಡು ಸಲ ಹಾಕಿಸಿಕೊಂಡೆ, ನನ್ನ ಹೊಟ್ಟೆಗಿಷ್ಟು ಬೆಂಕಿ ಹಾಕ!

ಇನ್ನೊಂದು ಸಲ ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಕಂಡರು. ಆಗ ನಾನು ಮೈಸೂರಿನಲ್ಲಿ ಬಿ.ಎಡ್. ಓದುತ್ತಿದ್ದೆ. ನಾನು ಬಸ್ಸಿನೊಳಗೆ, ಅವರು ಕೆಳಗೆ. ಕಿಟಕಿಯಿಂದಲೇ ಕೂಗಿದೆ, "ದೊಡ್ಡಪ್ಪ, ಈ ಭಾನುವಾರ ನಂಜನಗೂಡಿಗೆ ಬನ್ನಿ, ನಾನೂ ಬರ್ತೀನಿ." ಅವರು ಕೈ ಎತ್ತಿ, "ಬಸ್ಸು ಸರ್ಯಾಗಿಲ್ಲ ಕಣವ್ವ ಈಗ" ಅಂದರು. ಇಳಿಯಬೇಕಿತ್ತು. ಇಳಿದು ಅಲ್ಲೇ ಕಾಲು ಹಿಡಿಯಬೇಕಿತ್ತು. ಕಂಡಕ್ಟರ್ 'ರೈಟ್' ಅಂದುಬಿಟ್ಟ, ನನಗೂ ಸೀಟು ಬಿಡಲು ಮನಸ್ಸಾಗಲಿಲ್ಲ. ಇರಲಿ, ಇನ್ನೊಂದು ಸಲ ಹೇಳಿದರಾಯಿತು ಅಂದುಕೊಂಡೆ.

ಇನ್ನೊಂದು ಸಲ ಬರಲಿಲ್ಲ. ಆ ವರ್ಷವೇ ಒಂದು ಬೆಳಿಗ್ಗೆ ಕೊಟ್ಟಿಗೆಯಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದವರು ಹಾಗೇ ಕುಸಿದು ಹೋದರು.

ಹನ್ನೊಂದನೇ ದಿನ ಸೋಸಲೆಯಲ್ಲಿ ತಿಥಿ. ನಮ್ಮಲ್ಲಿ ಹೋದವರಿಗೆ ಎಡೆ ಇಡುವಾಗ ಅವರಿಗೆ ಇಷ್ಟವಾಗಿದ್ದನ್ನೆಲ್ಲ ನೆನಪು ಮಾಡಿಕೊಂಡು ಇಡುತ್ತಾರೆ. ಒಲೆಯ ಮುಂದೆ ಹೆಂಗಸರೆಲ್ಲ ಕೂತು ಒಂದೊಂದೇ ಹೇಳುತ್ತಿದ್ದರು. ಕಜ್ಜಾಯ, ವಡೆ, ಎಲೆಅಡಿಕೆ, ಒಂದು ಕಟ್ಟು ಬೀಡಿ. ನಾನು ಅಳುತ್ತಲೇ ನಗುತ್ತಾ, "ದೊಡ್ಡಮ್ಮ, ಆ ಟೀವಿಯಲ್ಲಿ ಕಾರ್ಟೂನೂ ಹಾಕಿಡಿ. ದೊಡ್ಡಪ್ಪನಿಗೆ ಅದರಷ್ಟು ಇಷ್ಟ ಯಾವುದಿತ್ತು?" ಅಂದೆ.

ದೊಡ್ಡಮ್ಮ ಬಾಂಡಲಿಯಿಂದ ಮುಖ ಎತ್ತಿ ನನ್ನನ್ನೇ ನೋಡಿದರು.

"ಯಾರ್ಗೆ, ನಿಮ್ ದೊಡ್ಡಪ್ಪಂಗಾ? ಚೆನ್ನಾಗ್ ಯೋಳ್ದೆ! ಈ ಮನೇಲಿ ಒಂದ್ ಜಿನಾನೂ ಆ ಬೊಂಬೆ ನೋಡ್ನಿಲ್ಲ ಅವರು. ಐಕ್ಳು ಹಾಕುದ್ರೆ, 'ಅದೇನ್ಲಾ ಅದು ತಲೆನೋವು, ಆಪ್ ಮಾಡ್ರಲಾ' ಅಂತ ಬೈಯೋರು."

"ಇಲ್ಲಿ ಕೇಬಲ್ ಇರಲಿಲ್ವಲ್ಲ ಆಗ..."

"ಇಲ್ದೆ ಏನು? ನೀವು ನಂಜನಗೂಡ್ಗೆ ಓದ ವರ್ಷವೇ ಬಂತಲ್ಲ."

ಎರಡು ವರ್ಷದ ಭಾನುವಾರಗಳು, ಹೋಗಲು ಎರಡು ಬಸ್ಸು, ಬರಲು ಎರಡು ಬಸ್ಸು. "ಮತ್ತೆ ಯಾಕೆ ಬರ್ತಿದ್ರು ದೊಡ್ಡಮ್ಮ?" ಅಂತ ಕೇಳಿದೆ.

"ನಾನೂ ಅಂಗೇ ಕೇಳ್ದೆ ಕಣವ್ವ. ಗೇಮೆ ಬುಟ್ಟು ಅದೆಲ್ಗೆ ಓಯ್ತೀರಿ ವಾರ್ವಾರ ಅಂತ ಬೈದೆ. 'ನಮ್ ಮಗಕ್ಕೆ ಆ ಊರಲ್ಲಿ ಯಾರೂ ಇಲ್ಲ ಕಣೇ, ಒಂದೇ ಕುಂತಿರ್ತದೆ. ನಾನ್ ಓದ್ರೆ ವಸಿ ನಗ್ತದೆ' ಅನ್ನೋರು."

ದೊಡ್ಡಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆಮೇಲೆ ಮತ್ತೊಂದು ವಡೆ ತಟ್ಟಿ ಎಣ್ಣೆಗೆ ಬಿಡುತ್ತಾ, ನನ್ನನ್ನು ಸಮಾಧಾನ ಮಾಡುವುದಕ್ಕೆಂದೇ ಹೇಳಿದರು.

"ಆಮೇಲ್ ಒಂದ್ ಜಿನ ಒತ್ತಿಗ್ ಮುಂಚೇನೇ ವಾಪಸ್ ಬಂದ್ಬುಟ್ರು. ಯಾಕ್ರೀ ಅಂದ್ರೆ, 'ಮಗಕ್ಕೆ ಇಬ್ರು ಗೆಣೆಕಾರ್ತೀರು ಸಿಕ್ಕವ್ರೆ ಕಣೇ, ಒಬ್ಳು ಬಿಳಿಗೆರೆಯೋಳು, ಒಳ್ಳೆ ಮನೆ ಐಕ್ಳು. ಇನ್ನ ನಾನ್ ಓಗ್ಬೇಕಾಗಿಲ್ಲ' ಅಂದ್ರು. ಅವತ್ತೆಲ್ಲ ಎಷ್ಟು ಕುಸಿಯಾಗಿದ್ರು ಅಂತೀಯೆ!"